ಅಳು ತರಿಸುವ ಕಥೆಗಳನ್ನು ಮಕ್ಕಳಿಗೆ ಓದಿ ಹೇಳುವ ಬಗೆ

ಸಾವು, ಅಗಲಿಕೆ, ಭಯ, ತಿರಸ್ಕಾರ, ಅನ್ಯಾಯ – ಇವುಗಳಲ್ಲಿ ಒಂದಾದರೂ ಇಲ್ಲದ ಮಕ್ಕಳ ಕಥೆ ಅಪರೂಪ. ಕನ್ನಡದ ಮಗು ಮೊದಮೊದಲು ಕೇಳುವ ಕಥೆಗಳಲ್ಲೇ ಇವೆಲ್ಲ ಇವೆ. ಗೋವಿನ ಹಾಡಿನಲ್ಲಿ ತಾಯಿಹಸು ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಸಾಯಲು ಹೊರಡುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಊರಿನ ಮಕ್ಕಳು ಜೋಗಿಯ ಹಿಂದೆ ಹೋಗಿ ಕಣ್ಮರೆಯಾಗುತ್ತಾರೆ. ಧ್ರುವನಿಗೆ ಅಪ್ಪನ ತೊಡೆ ಸಿಗುವುದಿಲ್ಲ. ಅಪ್ಪ ಅಮ್ಮನಿಗೆ ನೀರು ತರಲು ಹೋದ ಶ್ರವಣಕುಮಾರ ಮರಳಿ ಬರುವುದಿಲ್ಲ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಎಲ್ಲರೂ ನಗುತ್ತಲೇ ಹೇಳಿಕೊಡುತ್ತಾರೆ. ಆದರೆ ಆಸೆಪಟ್ಟು ಕೊಂಡ ಆಟಿಕೆ ನೀರಿಗೆ ಬಿದ್ದು, ಬಣ್ಣ ಕಳೆದುಕೊಂಡು, ದನಿ ಕಟ್ಟಿ ಹೋಗುವುದು ಮೂರು ವರ್ಷದ ಮಗುವಿಗೆ ಸಣ್ಣ ನಷ್ಟವಲ್ಲ.

ಇಂಥ ಕಥೆಗಳನ್ನು ಮಕ್ಕಳಿಗೆ ಕೊಡಬೇಕೇ ಬೇಡವೇ ಎಂಬ ಚರ್ಚೆಗೆ ಹಾಗಾಗಿ ಹೆಚ್ಚು ಅರ್ಥವಿಲ್ಲ. ಅವು ಆಗಲೇ ಮನೆಯೊಳಗಿವೆ. ಹೇಗೆ ಓದಬೇಕೆಂಬುದನ್ನು ಮಾತ್ರ ಯೋಚಿಸಬೇಕಿದೆ. ನೋವಿನ ಜಾಗ ಬಂದ ಕೂಡಲೇ ದೊಡ್ಡವರು ಪುಟ ಹಾರಿಸುತ್ತಾರೆ, ಕಥೆಯ ಕೊನೆಯನ್ನು ಬದಲಿಸುತ್ತಾರೆ, ಇಲ್ಲವೇ ‘ಇದರಿಂದ ಏನು ತಿಳೀತು ಹೇಳು’ ಎಂದು ನೀತಿಗೆ ಧಾವಿಸುತ್ತಾರೆ. ಯಾವುದನ್ನು ಮಾಡಿದರೂ ಫಲ ಒಂದೇ. ಜೊತೆ ಬೇಕಾದ ಗಳಿಗೆಯಲ್ಲೇ ಮಗು ಒಂಟಿಯಾಗುತ್ತದೆ. ಆ ಜಾಗದಲ್ಲಿ ಅವಸರ ಮಾಡದೆ ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದೇ ಓದುವವರ ಕೆಲಸ. ಮುಂದೆ ಬರುವ ಸಲಹೆಗಳು ಸುಮಾರು ಮೂರರಿಂದ ಎಂಟು ವರ್ಷದ ಮಕ್ಕಳನ್ನು ಗಮನದಲ್ಲಿಟ್ಟುಕೊಂಡಿವೆ.

ಮಗುವಿಗೆ ಎಷ್ಟು ತಿಳಿಯುತ್ತದೆ

ಸಾವನ್ನು ಮಕ್ಕಳು ದೊಡ್ಡವರ ಹಾಗೆ ಗ್ರಹಿಸುವುದಿಲ್ಲ. ಹಂಗೇರಿಯ ಮಕ್ಕಳ ಜೊತೆ ಮಾತಾಡಿ, ಅವರಿಂದ ಚಿತ್ರ ಬರೆಸಿ ಮಾರಿಯಾ ನಾಜ್ ನಡೆಸಿದ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ಒಂದು ಪ್ರಯಾಣದಂತೆ ಅಥವಾ ನಿದ್ದೆಯಂತೆ ಕಾಣುತ್ತಾರೆಂದು ಅವರು ಗುರುತಿಸಿದರು. ಈ ಬಗೆಯ ಹಲವು ಅಧ್ಯಯನಗಳನ್ನು 1984ರಲ್ಲಿ ಒಟ್ಟಿಗೆ ಪರಿಶೀಲಿಸಿದ ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್, ಮಗು ಅರಿಯಬೇಕಾದ ಮೂರು ಸಂಗತಿಗಳನ್ನು ಬೇರ್ಪಡಿಸಿ ಹೇಳಿದರು: ಸತ್ತದ್ದು ತಿರುಗಿ ಬರುವುದಿಲ್ಲ, ಸತ್ತ ಮೇಲೆ ಉಸಿರು, ಹಸಿವು, ನೋವು ಯಾವುದೂ ಇರುವುದಿಲ್ಲ, ಜೀವವಿರುವ ಎಲ್ಲವೂ ಒಂದು ದಿನ ಸಾಯುತ್ತದೆ. ಹೆಚ್ಚಿನ ಮಕ್ಕಳಿಗೆ ಇವು ತಿಳಿಯುವುದು ಐದರಿಂದ ಏಳು ವರ್ಷದ ನಡುವೆ. ದನಕರು, ನಾಯಿ, ಕೋಳಿಗಳ ಸಾವನ್ನು ಹತ್ತಿರದಿಂದ ಕಂಡ ಮಕ್ಕಳಿಗೆ ಇನ್ನೂ ಬೇಗ ತಿಳಿಯುವುದುಂಟು.

ಓದುವವರಿಗೆ ಇದರಿಂದ ನೇರ ಉಪಯೋಗವಿದೆ. ನಾಲ್ಕು ವರ್ಷದ ಮಗು ‘ಹುಲಿ ನಾಳೆ ಏಳುತ್ತಾ?’ ಎಂದು ಕೇಳಿದರೆ ಅದು ಕಥೆ ಕೇಳಿಸಿಕೊಂಡಿಲ್ಲವೆಂದಲ್ಲ. ಅದರ ಅರಿವು ಸದ್ಯಕ್ಕೆ ಇರುವುದೇ ಅಷ್ಟು. ‘ಇಲ್ಲ, ಸತ್ತ ಪ್ರಾಣಿ ಮತ್ತೆ ಏಳಲ್ಲ’ ಎಂಬಷ್ಟು ಉತ್ತರ ಸಾಕು. ಅದೇ ಮಗು ಮರುದಿನ ಅದೇ ಪ್ರಶ್ನೆ ಕೇಳುತ್ತದೆ, ಅದೇ ಉತ್ತರವನ್ನು ಅಷ್ಟೇ ಸಮಾಧಾನದಿಂದ ಕೊಡಬೇಕಾಗುತ್ತದೆ. ಆರು ವರ್ಷದ ಮಗುವಿನ ಪ್ರಶ್ನೆ ಬೇರೆ: ‘ಅಮ್ಮ, ನೀನೂ ಸಾಯ್ತೀಯಾ?’ ಇಲ್ಲಿ ‘ಛೆ, ಹಾಗೆಲ್ಲ ಅನ್ನಬಾರದು, ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸಿದರೆ, ಆ ಪ್ರಶ್ನೆ ಕೇಳುವಂಥದ್ದಲ್ಲ ಎಂಬುದನ್ನಷ್ಟೇ ಮಗು ಕಲಿಯುತ್ತದೆ. ಹೆದರಿಕೆ ಒಳಗೇ ಉಳಿಯುತ್ತದೆ. ‘ಎಲ್ಲರೂ ಒಂದು ದಿನ ಸಾಯ್ತಾರೆ. ನಾನು ತುಂಬಾ ದಿನ ನಿನ್ನ ಜೊತೆ ಇರ್ತೀನಿ ಅಂತ ನಂಬಿದೀನಿ. ನಿನ್ನ ನೋಡಿಕೊಳ್ಳೋಕೆ ಅಪ್ಪ, ಅಜ್ಜಿ, ಚಿಕ್ಕಮ್ಮ ಎಲ್ಲ ಇದಾರೆ’ ಎಂಬ ಉತ್ತರ ಸತ್ಯವೂ ಹೌದು, ಧೈರ್ಯ ಕೊಡುವಂಥದ್ದೂ ಹೌದು. ಸಾಯುವುದೇ ಇಲ್ಲವೆಂದು ಆಣೆ ಇಡುವ ಅಗತ್ಯವಿಲ್ಲ.

ಈ ವಯಸ್ಸಿನ ಇನ್ನೊಂದು ಲಕ್ಷಣವನ್ನೂ ನೆನಪಿಡಬೇಕು. ಲೋಕದಲ್ಲಿ ಆಗುವುದಕ್ಕೆಲ್ಲ ತಾವೇ ಕಾರಣವೆಂದು ಚಿಕ್ಕ ಮಕ್ಕಳು ಸುಲಭವಾಗಿ ನಂಬುತ್ತಾರೆ. ತಮ್ಮನ ಮೇಲೆ ಮುನಿಸಿಕೊಂಡ ದಿನವೇ ಅವನಿಗೆ ಜ್ವರ ಬಂದರೆ, ಅದು ತನ್ನ ಸಿಟ್ಟಿನಿಂದಲೇ ಬಂತೆಂದು ಮಗು ಅಂದುಕೊಳ್ಳಬಹುದು. ಆದ್ದರಿಂದ ಕೆಟ್ಟದ್ದು ನಡೆಯುವ ಕಥೆ ಓದಿದಾಗ, ‘ಇದು ಕರುವಿನ ತಪ್ಪಲ್ಲ’ ಎಂದು ಒಂದು ಸಲ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಗೋವಿನ ಹಾಡನ್ನು ಓದುವಾಗ

ಪುಣ್ಯಕೋಟಿಯ ಕಥೆಯನ್ನು ಸತ್ಯದ ಪಾಠವೆಂದು ಕಲಿಸುವುದು ರೂಢಿ. ಅದು ತಪ್ಪಲ್ಲ, ಹಾಡಿನ ಉದ್ದೇಶವೇ ಅದು. ಆದರೆ ಐದು ವರ್ಷದ ಮಗು ಕೇಳಿಸಿಕೊಳ್ಳುವ ಕಥೆ ಬೇರೆ. ಕೊಟ್ಟ ಮಾತು ಮುಖ್ಯವಾಗುವುದು ದೊಡ್ಡವರಿಗೆ. ಮಗುವಿನ ಕಿವಿಗೆ ಬೀಳುವುದು ಅಮ್ಮ ಹೊರಟಳೆಂಬ ಸುದ್ದಿ. ತಾಯಿ ವಿಷಯ ತಿಳಿಸಿದಾಗ ಕರು ಕೇಳುವ ಪ್ರಶ್ನೆಗಳನ್ನು ಗಮನಿಸಬೇಕು. ತನಗೆ ಹಾಲು ಕೊಡುವವರು ಯಾರು, ರಾತ್ರಿ ಯಾರ ಪಕ್ಕದಲ್ಲಿ ಮಲಗಬೇಕು ಎಂಬುದೇ ಅದರ ಚಿಂತೆ. ಮನೆಯಲ್ಲಿ ಸಾವಾದಾಗ, ತಾಯಿ ಆಸ್ಪತ್ರೆ ಸೇರಿದಾಗ ಪುಟ್ಟ ಮಕ್ಕಳು ಕೇಳುವುದೂ ಇವನ್ನೇ: ಜಡೆ ಯಾರು ಹಾಕುತ್ತಾರೆ, ಶಾಲೆಗೆ ಯಾರು ಬಿಡುತ್ತಾರೆ, ರಾತ್ರಿ ಯಾರ ಹತ್ತಿರ ಮಲಗುವುದು. ಕೇಳುವವರಿಗೆ ಇದು ಸ್ವಾರ್ಥವಾಗಿ ಕಾಣಬಹುದು. ಆದರೆ ಮಗುವಿನ ದುಃಖ ಮಾತಿಗೆ ಬರುವ ರೀತಿಯೇ ಅದು. ಹೆಸರಿಲ್ಲದ ಜನಪದ ಕವಿ ಇದನ್ನು ಕಂಡುಕೊಂಡಿದ್ದು ದೊಡ್ಡ ಮಾತು.

ಹಾಡು ಮುಂದೆ ಮಾಡುವ ಕೆಲಸ ಇನ್ನೂ ಮುಖ್ಯ. ಪುಣ್ಯಕೋಟಿ ಕರುವಿಗೆ ಬುದ್ಧಿಮಾತು ಹೇಳಿ ಹಾಗೇ ಹೊರಟುಬಿಡುವುದಿಲ್ಲ. ದೊಡ್ಡಿಯ ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಕಂದನನ್ನು ನಿಮ್ಮದೆಂದೇ ನೋಡಿಕೊಳ್ಳಿ ಎಂದು ಒಪ್ಪಿಸುತ್ತದೆ. ಕರುವಿನ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಅವಸರದಲ್ಲಿ ಓದುವವರು ಈ ಭಾಗವನ್ನು ಬೇಗ ದಾಟಿ ಹುಲಿಯ ಗುಹೆಗೆ ಹೋಗುವುದೇ ಹೆಚ್ಚು. ಬದಲಿಗೆ ಇಲ್ಲಿ ನಿಧಾನಿಸಿ, ಚಿತ್ರವಿದ್ದರೆ ಆ ಹಸುಗಳ ಮೇಲೆ ಬೆರಳಿಟ್ಟು ತೋರಿಸಿ, ‘ನೋಡು, ಇವರೆಲ್ಲ ಕರುವಿನ ದೊಡ್ಡಮ್ಮ, ಚಿಕ್ಕಮ್ಮಂದಿರು’ ಎಂದರೆ ಮಗುವಿಗೆ ಮುಂದಿನದನ್ನು ಕೇಳುವ ಧೈರ್ಯ ಬರುತ್ತದೆ. ‘ನಿನಗೆ ಯಾರು ಯಾರು ಇದಾರೆ?’ ಎಂದು ಎಣಿಸುವ ಆಟವನ್ನೂ ಇಲ್ಲಿ ಆಡಬಹುದು.

ಕೊನೆಯಲ್ಲಿ ಹುಲಿಯೇ ಪ್ರಾಣ ಬಿಡುತ್ತದೆ. ಹಸು ಉಳಿಯಿತಲ್ಲ ಎಂಬ ಸಂತೋಷದಲ್ಲಿ ದೊಡ್ಡವರು ಪುಸ್ತಕ ಮುಚ್ಚುತ್ತಾರೆ. ಆದರೆ ಅನೇಕ ಮಕ್ಕಳು ಅಳುವುದು ಇಲ್ಲೇ, ಹುಲಿಗಾಗಿ. ಆ ಹುಲಿ ಹಸಿದಿತ್ತು, ಕೊನೆಗೆ ಒಳ್ಳೆಯದಾಯಿತು, ಆದರೂ ಸತ್ತಿತು. ಇದು ನ್ಯಾಯವೇ ಎಂಬ ಗೊಂದಲ ಮಗುವಿಗೆ ಬಂದರೆ ಅದು ಕಥೆಯನ್ನು ಚೆನ್ನಾಗಿ ಕೇಳಿದೆ ಎಂದೇ ಅರ್ಥ. ‘ಹುಲಿ ಕೆಟ್ಟದ್ದಲ್ವಾ, ಹೋಗಲಿ ಬಿಡು’ ಎಂದು ಮುಗಿಸಬಾರದು. ‘ಹುಲಿ ಸತ್ತಿದ್ದಕ್ಕೆ ನನಗೂ ಬೇಜಾರಾಗುತ್ತೆ’ ಎಂದು ಒಪ್ಪಿಕೊಂಡರೆ ಆಯಿತು. ಹುಲಿ ಇನ್ನೇನು ಮಾಡಬಹುದಿತ್ತು ಎಂದು ಮಗು ತಾನೇ ಬೇರೆ ಕೊನೆ ಕಟ್ಟತೊಡಗಿದರೆ ಅದಕ್ಕೆ ಅವಕಾಶ ಕೊಡಬೇಕು. ಮಗು ತಾನಾಗಿ ಕಟ್ಟುವ ಹೊಸ ಕೊನೆಗೂ, ಓದುವವರು ಗುಟ್ಟಾಗಿ ಬದಲಿಸುವ ಕೊನೆಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಆಟ, ನೋವಿನ ಜೊತೆ ಹೊಂದಿಕೊಳ್ಳುವ ದಾರಿ. ಎರಡನೆಯದು ಮುಂದೆ ಶಾಲೆಯಲ್ಲಿ ಇದೇ ಹಾಡನ್ನು ಕೇಳಿದ ದಿನ ಬಯಲಾಗುತ್ತದೆ. ಕಷ್ಟದ ವಿಷಯವನ್ನು ಮನೆಯವರು ತನ್ನಿಂದ ಮುಚ್ಚಿಟ್ಟಿದ್ದರೆಂದು ಮಗುವಿಗೆ ಆಗ ಗೊತ್ತಾಗುತ್ತದೆ.

ಈ ಹಾಡಿಗೆ ಇನ್ನೊಂದು ಅನುಕೂಲವಿದೆ. ಅದಕ್ಕೆ ಧಾಟಿ ಇದೆ. ಒಂದೇ ನಡೆಯಲ್ಲಿ ಸಾಗುವ ರಾಗ, ಕಥೆ ಎಷ್ಟೇ ಕಷ್ಟದ ಜಾಗಕ್ಕೆ ಹೋದರೂ ಮಗುವನ್ನು ಹಿಡಿದುಕೊಂಡಿರುತ್ತದೆ. ಹಾಡಲು ಬರುವವರು ಇದನ್ನು ಹಾಡಬೇಕು. ಬರದವರು ಲಯ ಹಿಡಿದು ಓದಿದರೂ ಸಾಕು.

ಕಥೆಯ ಆಯ್ಕೆ, ಓದುವ ಮೊದಲಿನ ಸಿದ್ಧತೆ

ಮಗುವಿಗೆ ಓದುವ ಮುನ್ನ ಕಥೆಯನ್ನು ಒಮ್ಮೆ ಒಬ್ಬರೇ ಓದಿಕೊಳ್ಳಬೇಕು. ತಮ್ಮ ಗಂಟಲು ಎಲ್ಲಿ ಕಟ್ಟುತ್ತದೆ ಎಂಬುದು ಓದುವವರಿಗೆ ಮೊದಲೇ ತಿಳಿದಿರಬೇಕು. ಅಮೆರಿಕದ ಲೇಖಕ ಇ. ಬಿ. ವೈಟ್ 1952ರಲ್ಲಿ ಪ್ರಕಟಿಸಿದ ‘ಷಾರ್ಲಟ್ಸ್ ವೆಬ್’ ಕಾದಂಬರಿಯಲ್ಲಿ ಹಂದಿಮರಿಯೊಂದರ ಜೀವ ಉಳಿಸಿದ ಜೇಡ ಕೊನೆಗೆ ಸಾಯುತ್ತದೆ. ಮುಂದೆ ಅದನ್ನು ಅವರದೇ ದನಿಯಲ್ಲಿ ಧ್ವನಿಮುದ್ರಣ ಮಾಡುವಾಗ, ಜೇಡ ಸಾಯುವ ಭಾಗಕ್ಕೆ ಬಂದಾಗಲೆಲ್ಲ ಅವರ ಸ್ವರ ಕಟ್ಟುತ್ತಿತ್ತಂತೆ. ಆ ಭಾಗವನ್ನು 17 ಸಲ ಓದಬೇಕಾಯಿತೆಂದು ಧ್ವನಿಮುದ್ರಣ ಮಾಡಿಸಿದವರು ಹೇಳಿದ್ದಾರೆ. ಕಥೆ ಬರೆದವರಿಗೇ ಹಾಗಾದರೆ ಓದುವ ತಾಯಿಗೋ ಅಜ್ಜನಿಗೋ ಆಗುವುದು ಸಹಜ. ಮೊದಲೇ ಗೊತ್ತಿದ್ದರೆ ಅಲ್ಲಿ ಉಸಿರು ತೆಗೆದುಕೊಂಡು ಓದಬಹುದು.

ಹೊತ್ತಿನ ವಿಷಯವನ್ನೂ ಯೋಚಿಸಬೇಕು. ಹೆಚ್ಚಿನ ಮನೆಗಳಲ್ಲಿ ಕಥೆಗೆ ಇರುವುದು ಎರಡೇ ಸಮಯ, ಊಟ ಮಾಡಿಸುವಾಗ ಮತ್ತು ಮಲಗಿಸುವಾಗ. ನೋವಿನ ಕಥೆಯನ್ನು ಮೊದಲ ಸಲ ಓದಲು ಎರಡೂ ಸರಿಯಲ್ಲ. ಅಳು ಒತ್ತರಿಸಿಕೊಂಡು ಬರುತ್ತಿರುವ ಮಗುವಿನ ಬಾಯಿಗೆ ತುತ್ತು ಇಡುವುದು ಅದಕ್ಕೆ ಹಿಂಸೆ. ಇನ್ನು ಮಲಗುವ ಮುನ್ನ ಓದಿದರೆ ಪ್ರಶ್ನೆಗಳು ಕತ್ತಲಲ್ಲಿ, ದೊಡ್ಡವರು ಎದ್ದು ಹೋದ ಮೇಲೆ ಏಳುತ್ತವೆ. ರಜೆಯ ದಿನದ ಬೆಳಗ್ಗೆಯೋ ಸಂಜೆಯೋ, ಓದಿದ ನಂತರ ಇನ್ನೂ ಒಂದು ಗಂಟೆ ಎಚ್ಚರವಿದ್ದು ಆಡಲು ಸಮಯವಿರುವಾಗ ಓದುವುದು ವಾಸಿ. ಪರಿಚಯವಾದ ಮೇಲೆ ಅದೇ ಕಥೆ ಮಲಗುವ ಹೊತ್ತಿಗೂ ಬರಬಹುದು.

ವಯಸ್ಸಿಗೆ ತಕ್ಕ ಆಯ್ಕೆ ಎಂದರೆ ನೋವಿಲ್ಲದ ಕಥೆ ಎಂದಲ್ಲ. ಕಥೆಯೊಳಗೆ ಮಗುವಿಗೆ ಹಿಡಿದುಕೊಳ್ಳಲು ಒಬ್ಬರಾದರೂ ಇದ್ದಾರೆಯೇ ಎಂದು ನೋಡಬೇಕು. ಗೋವಿನ ಹಾಡಿನಲ್ಲಿ ಇದ್ದಾರೆ. ‘ಕೆರೆಗೆ ಹಾರ’ದಲ್ಲಿ ಇಲ್ಲ. ಅಲ್ಲಿ ಭಾಗೀರಥಿಯನ್ನು ಬಲಿಗೆ ಒಪ್ಪಿಸುವವರು ಮನೆಯ ಹಿರಿಯರೇ. ಅವಳು ಯಾರ ಹತ್ತಿರ ಹೋದರೂ ಆಸರೆ ಸಿಗುವುದಿಲ್ಲ. ಅದು ಕನ್ನಡದ ಅತ್ಯುತ್ತಮ ಕಥನಗೀತೆಗಳಲ್ಲಿ ಒಂದು. ಆದರೆ ಮನೆಯೆಂದರೆ ಭದ್ರ ಜಾಗವೆಂಬ ನಂಬಿಕೆ ಇನ್ನೂ ಬೇರೂರುತ್ತಿರುವ ವಯಸ್ಸಿಗೆ ಅದು ತಕ್ಕದ್ದಲ್ಲ. ಅನ್ಯಾಯವನ್ನು ಅನ್ಯಾಯವೆಂದು ಗುರುತಿಸಿ ವಾದ ಮಾಡಬಲ್ಲ ಹನ್ನೆರಡು ಹದಿಮೂರರ ಮಕ್ಕಳ ಜೊತೆ ಅದನ್ನು ಓದಬೇಕು.

ಧ್ರುವನಂಥ ಕಥೆಯಲ್ಲಿ ಬೇರೆ ಎಚ್ಚರ ಬೇಕು. ಭಕ್ತಿಯ ಕಥೆಯೆಂದು ಓದಿದರೂ ಮಗುವಿನ ಮನಸ್ಸು ತೊಡೆಯ ಹತ್ತಿರವೇ ನಿಂತಿರುತ್ತದೆ. ತಮ್ಮನೋ ತಂಗಿಯೋ ಹುಟ್ಟಿ ಕೆಲವೇ ತಿಂಗಳಾದ ಮನೆಯಲ್ಲಂತೂ ಇದು ನಿಜ. ತಪಸ್ಸಿನ ವರ್ಣನೆಗಿಂತ ಆ ಮೊದಲ ದೃಶ್ಯಕ್ಕೇ ಅಲ್ಲಿ ಹೆಚ್ಚು ಸಮಯ ಕೊಡಬೇಕು.

ಪುಸ್ತಕಗಳಿಗೆ ಹೆಚ್ಚು ಖರ್ಚು ಮಾಡಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು. ಚೆನ್ನೈನ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಪ್ರಕಾಶನಗಳು ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತವೆ. ಊರಿನ ಗ್ರಂಥಾಲಯದಲ್ಲೂ ಕೇಳಿ ನೋಡಬಹುದು.

ಓದುವಾಗ

ಮಗು ತೊಡೆಯ ಮೇಲೋ ಪಕ್ಕದಲ್ಲಿ ಒತ್ತಿಕೊಂಡೋ ಕೂತಿರಲಿ. ಪುಟ ತಿರುಗಿಸುವ ಕೆಲಸ ಅದರದೇ ಆಗಿರಲಿ. ಬೇಡವೆನ್ನಿಸಿದಾಗ ಪುಸ್ತಕ ಮುಚ್ಚುವ ಹಕ್ಕೂ ಅದಕ್ಕಿರಲಿ. ಮುಚ್ಚಿದರೆ ‘ಸರಿ, ಇನ್ನೊಂದು ದಿನ ಓದೋಣ’ ಎಂದು ಬಿಡಬೇಕು, ಒತ್ತಾಯ ಬೇಡ. ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಎಂದು ಗೊತ್ತಿರುವ ಮಗು ಹೆಚ್ಚು ದೂರ ಹೋಗಲು ಒಪ್ಪುತ್ತದೆ.

ದನಿಯಲ್ಲಿ ನಾಟಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಹುಲಿಯ ಗರ್ಜನೆಯನ್ನು ಮಗುವಿನ ಮುಖದ ಹತ್ತಿರ ಮಾಡಿ ಬೆಚ್ಚಿಬೀಳಿಸುವುದು, ಕರುವಿನ ಅಳುವನ್ನು ಅಣಕಿಸಿದಂತೆ ಅಳುವುದು ಎರಡೂ ಬೇಡ. ಅಚ್ಚಿನ ಭಾಷೆ ಗ್ರಾಂಥಿಕವಾಗಿದ್ದರೆ ಕಷ್ಟದ ಜಾಗದಲ್ಲಿ ಮನೆಯ ಮಾತಿಗೆ ಇಳಿಯಬಹುದು. ‘ದುಃಖತಪ್ತವಾಯಿತು’ ಎಂಬುದಕ್ಕಿಂತ ‘ಅದಕ್ಕೆ ತುಂಬಾ ಸಂಕಟ ಆಯ್ತು’ ಎಂಬುದು ಮಗುವಿನ ಒಳಕ್ಕೆ ಇಳಿಯುತ್ತದೆ. ಧಾರವಾಡದ ಮನೆಯಲ್ಲಿ ಧಾರವಾಡದ ಮಾತು, ಕುಂದಾಪುರದಲ್ಲಿ ಕುಂದಾಪುರದ್ದು. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ, ಹೊರನಾಡು ಹೊರದೇಶಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಈ ಓದು ಇನ್ನೊಂದು ಉಪಕಾರ ಮಾಡುತ್ತದೆ. ಅನೇಕರಿಗೆ ಗೊತ್ತಿರುವುದು ‘ಸ್ಯಾಡ್’, ‘ಆಂಗ್ರಿ’ ಎಂಬ ಎರಡು ಪದ. ಬೇಸರ, ದಿಗಿಲು, ಮುನಿಸು, ಹೊಟ್ಟೆಕಿಚ್ಚು, ನಾಚಿಕೆ, ಕನಿಕರ ಇವೆಲ್ಲ ಕಥೆಯ ಮೂಲಕ ಬಂದರೆ ಮಗು ತನಗೆ ಆಗುತ್ತಿರುವುದು ಏನೆಂದು ಅಜ್ಜಿಯ ಹತ್ತಿರವೂ ಹೇಳಿಕೊಳ್ಳಬಹುದು.

ನೋವಿನ ಪುಟಕ್ಕೆ ಬಂದಾಗ ಓದಿ ಸುಮ್ಮನಾಗಬೇಕು. ಆ ಮೌನ ಓದುವವರಿಗೆ ಬಹಳ ಉದ್ದವೆನ್ನಿಸುತ್ತದೆ, ಮಗುವಿಗೆ ಹಾಗಲ್ಲ. ಅದು ಚಿತ್ರ ನೋಡುತ್ತಿರುತ್ತದೆ, ಆಮೇಲೆ ಓದುವವರ ಮುಖ ನೋಡುತ್ತದೆ. ಆ ನೋಟಕ್ಕೆ ಮುಖ ಸಿಗಬೇಕು. ಮೊಬೈಲ್ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಬೇಕು.

ಮಗುವನ್ನು ಪ್ರಶ್ನೆ ಕೇಳಿ ಮಾತಾಡಿಸುತ್ತ ಓದುವ ಪದ್ಧತಿಯೊಂದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ರೂಪಿಸಿ 1988ರಲ್ಲಿ ಪ್ರಕಟಿಸಿದರು. ಅದರಿಂದ ಪುಟ್ಟ ಮಕ್ಕಳ ಮಾತು ಬೆಳೆಯುತ್ತದೆಂದು ತೋರಿಸಿದರು. ಅದು ಉಪಯುಕ್ತ ಪದ್ಧತಿ. ಆದರೆ ಎಲ್ಲ ಪುಟಕ್ಕೂ ಹೊಂದುವುದಿಲ್ಲ. ಕರು ಅಳುತ್ತಿರುವ ಪುಟದಲ್ಲಿ ‘ಹಸುಗಳು ಎಷ್ಟಿವೆ ಎಣಿಸು’ ಎಂದರೆ ಮಗುವಿನ ಮನಸ್ಸನ್ನು ಎಳೆದು ಬೇರೆಡೆ ಕೂರಿಸಿದಂತೆ. ‘ನಿನಗೆ ಏನನ್ನಿಸಿತು?’ ಎಂಬ ನೇರ ಪ್ರಶ್ನೆಗೂ ಅನೇಕ ಮಕ್ಕಳು ‘ಏನಿಲ್ಲ’ ಎನ್ನುತ್ತಾರೆ. ಪರೀಕ್ಷೆಯಂತೆ ಕೇಳುವುದಕ್ಕಿಂತ ಓದುವವರು ತಾವೇ ಯೋಚಿಸುತ್ತಿರುವಂತೆ ‘ಕರುವಿಗೆ ಆಗ ಹೇಗಾಗಿರಬಹುದೋ...’ ಎಂದು ಬಿಟ್ಟರೆ ಮಗು ಕರುವಿನ ನೆಪದಲ್ಲಿ ತನ್ನದನ್ನು ಹೇಳುತ್ತದೆ. ಹೇಳದಿದ್ದರೂ ನಷ್ಟವಿಲ್ಲ.

ಅಳು ಬಂದಾಗ

ಮಗು ಅತ್ತರೆ ‘ಅಳಬೇಡ, ಬರೀ ಕಥೆ ಅಲ್ವಾ’ ಎನ್ನುವುದು ತಪ್ಪು. ‘ಗಂಡುಮಕ್ಕಳು ಅಳ್ತಾರಾ’ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ತಬ್ಬಿಕೊಂಡು, ‘ಹೌದು, ಇದು ತುಂಬಾ ಬೇಜಾರಿನ ಜಾಗ’ ಎಂದಷ್ಟೇ ಹೇಳಬೇಕು. ಮುಂದೆ ಓದುವುದೇ ನಿಲ್ಲಿಸುವುದೇ ಎಂದು ಅದನ್ನೇ ಕೇಳಬೇಕು. ಓದುವವರಿಗೇ ಅಳು ಬಂದರೆ ಮುಚ್ಚಿಡುವ ಅಗತ್ಯವಿಲ್ಲ. ಕಾರಣ ಹೇಳದೆ ಅತ್ತರೆ ಮಾತ್ರ ಮಗು ಹೆದರುತ್ತದೆ. ‘ಈ ಪುಟ ಓದಿದಾಗ ನನಗೆ ಅಳು ಬರುತ್ತೆ. ನನಗೇನೂ ಆಗಿಲ್ಲ, ಸ್ವಲ್ಪ ನಿಲ್ಲಿಸಿ ಓದ್ತೀನಿ’ ಎಂದರೆ ದುಃಖ ಬಂದು ಹೋಗುವಂಥದ್ದು ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಕೆಲವು ಮಕ್ಕಳು ಅಳುವ ಜಾಗದಲ್ಲಿ ನಗುತ್ತಾರೆ, ಓಡುತ್ತಾರೆ, ಇದ್ದಕ್ಕಿದ್ದಂತೆ ದೋಸೆ ಕೇಳುತ್ತಾರೆ. ಅದನ್ನು ಕಲ್ಲುಮನಸ್ಸು ಎಂದುಕೊಳ್ಳಬಾರದು. ಪುಟ್ಟ ಮಕ್ಕಳು ದುಃಖವನ್ನು ತುಸು ತುಸುವಾಗಿ ತೆಗೆದುಕೊಂಡು, ನಡುವೆ ಆಟಕ್ಕೆ ಓಡಿ, ಮತ್ತೆ ಬರುತ್ತಾರೆ. ಎರಡು ದಿನ ಬಿಟ್ಟು ಸ್ನಾನ ಮಾಡಿಸುವಾಗ ‘ಆ ಹುಲಿಗೆ ಅಮ್ಮ ಇರಲಿಲ್ವಾ?’ ಎಂಬ ಪ್ರಶ್ನೆ ಬರಬಹುದು. ಅದೇ ಕಥೆ ಬೇಕೆಂದು ದಿನವೂ ಹಟ ಹಿಡಿಯುವುದು, ಗೊಂಬೆಗಳನ್ನು ಹಸು ಹುಲಿ ಮಾಡಿ ಆಡುವುದು ಇದೇ ಕೆಲಸದ ಮುಂದುವರಿಕೆ.

ಮಾತು ನೇರವಾಗಿರಲಿ. ‘ದೇವರ ಹತ್ತಿರ ಹೋದ’, ‘ಮಲಗಿಬಿಟ್ಟ’, ‘ಊರಿಗೆ ಹೋದರು’ ಎಂಬವು ದೊಡ್ಡವರ ಕಿವಿಗೆ ಮೃದು. ಮಗು ಅವನ್ನು ಇದ್ದ ಹಾಗೇ ನಂಬಿ ಮಲಗಲು ಹೆದರಬಹುದು, ಊರಿಗೆ ಹೋದ ಅಪ್ಪನಿಗಾಗಿ ಕಾಯಬಹುದು. ಅಮೆರಿಕದ ‘ಸೆಸಮಿ ಸ್ಟ್ರೀಟ್’ ಮಕ್ಕಳ ಕಾರ್ಯಕ್ರಮದಲ್ಲಿ ಅಂಗಡಿಯ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ತಯಾರಕರು ಆ ಪಾತ್ರಕ್ಕೆ ಬೇರೆ ನಟನನ್ನು ತರಲಿಲ್ಲ. ಹೂಪರ್ ಸತ್ತಿದ್ದಾರೆ, ಮತ್ತೆ ಬರುವುದಿಲ್ಲ ಎಂದು 1983ರ ನವೆಂಬರ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ನೇರವಾಗಿ ಹೇಳಿದರು. ಇನ್ನು ಅವರ ಕೆಲಸಗಳನ್ನು ಯಾರು ಮಾಡುತ್ತಾರೆಂದು ಆ ಕಾರ್ಯಕ್ರಮದ ಇನ್ನೊಂದು ಪಾತ್ರವಾದ ಹಳದಿ ಹಕ್ಕಿ ಕೇಳುತ್ತದೆ. ಗೋವಿನ ಹಾಡಿನ ಕರುವಿನದೂ ಇದೇ ಚಿಂತೆ. ಸಾವಿನ ನಂತರದ ಬಗ್ಗೆ ಮನೆಯ ನಂಬಿಕೆಯನ್ನು ಹೇಳಬಾರದೆಂದಲ್ಲ. ಮೊದಲು ‘ಸತ್ತುಹೋದರು’ ಎಂಬುದು ಸ್ಪಷ್ಟವಾಗಬೇಕು, ಆಮೇಲೆ ‘ನಮ್ಮ ಮನೆಯಲ್ಲಿ ಹೀಗೆ ನಂಬ್ತೀವಿ’ ಎಂಬುದು ಬರಬಹುದು.

ನಿಜವಾದ ದುಃಖ ಇರುವ ಮನೆ, ಮಕ್ಕಳು ಹೆಚ್ಚಿರುವ ತರಗತಿ

ಮನೆಯಲ್ಲಿ ಸಾವು, ಕಾಯಿಲೆ, ತಂದೆತಾಯಿಯ ಬೇರ್ಪಡುವಿಕೆ ನಡೆದಿದ್ದರೆ ಅದೇ ವಿಷಯದ ಪುಸ್ತಕವನ್ನು ಮರುದಿನವೇ ತಂದು ಓದುವುದು ಬೇಡ. ಮೊದಲು ನಡೆದದ್ದನ್ನು ಮನೆಯವರು ತಮ್ಮ ಮಾತಿನಲ್ಲಿ ಹೇಳಬೇಕು. ಆ ಕೆಲಸವನ್ನು ಪುಸ್ತಕಕ್ಕೆ ವಹಿಸಬಾರದು. ಕೆಲವು ವಾರಗಳ ನಂತರ, ಪ್ರಾಣಿಗಳ ಕಥೆಯಂಥ ಸ್ವಲ್ಪ ದೂರದ ಕಥೆಯಿಂದ ಆರಂಭಿಸುವುದು ಒಳ್ಳೆಯದು. ಅಜ್ಜ ತೀರಿಕೊಂಡ ಮನೆಯಲ್ಲಿ ಅಜ್ಜನ ಕಥೆಗಿಂತ ಮುದಿ ನಾಯಿಯ ಕಥೆಯನ್ನು ಮಗು ಸುಲಭವಾಗಿ ತಾಳಿಕೊಳ್ಳುತ್ತದೆ. ಇಂಗ್ಲೆಂಡಿನ ಕವಿ ಮೈಕೆಲ್ ರೋಸೆನ್ ತಮ್ಮ ಮಗನ ಸಾವಿನ ಬಗ್ಗೆ ಬರೆದು 2004ರಲ್ಲಿ ಬಂದ ‘ಸ್ಯಾಡ್ ಬುಕ್’ ಕ್ವೆಂಟಿನ್ ಬ್ಲೇಕ್ ಅವರ ಚಿತ್ರಗಳಿರುವ ಮಕ್ಕಳ ಪುಸ್ತಕ. ದುಃಖದಲ್ಲಿರುವ ದೊಡ್ಡವರು ಅಂಥದ್ದನ್ನು ಮೊದಲು ತಮಗಾಗಿ ಓದಿಕೊಳ್ಳುವುದು ಲೇಸು.

ಅಂಗನವಾಡಿ ಮತ್ತು ಶಾಲೆಯಲ್ಲಿ ಓದುವಾಗ ತಾಯಿ ಇಲ್ಲದ ಮಗು, ಹೊಸದಾಗಿ ಅಗಲಿಕೆ ಕಂಡ ಮಗು ಆ ಗುಂಪಿನಲ್ಲಿದೆಯೇ ಎಂದು ಶಿಕ್ಷಕಿಗೆ ಮೊದಲೇ ತಿಳಿದಿರಬೇಕು. ಅಂಥ ಮಗುವನ್ನು ತಮ್ಮ ಹತ್ತಿರ ಕೂರಿಸಿಕೊಳ್ಳಬೇಕು, ಎಲ್ಲರೆದುರು ಅದರ ಕಡೆ ಗಮನ ಸೆಳೆಯಬಾರದು. ಬೇಕಾದರೆ ಎದ್ದು ಹೋಗಲು ಬಿಡಬೇಕು. ‘ನಿಮ್ಮ ಮನೆಯಲ್ಲಿ ಯಾರು ಸತ್ತಿದ್ದಾರೆ’ ಎಂದು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳುವುದು ಕ್ರೌರ್ಯ. ಚಿತ್ರ ಬರೆಯಲು ಹಾಳೆ, ಬಣ್ಣ ಕೊಟ್ಟರೆ ಹೇಳುವವರು ಅದರಲ್ಲಿ ಹೇಳುತ್ತಾರೆ. ಆ ದಿನ ಯಾವ ಕಥೆ ಓದಲಾಯಿತೆಂದು ಮನೆಗೂ ತಿಳಿಸಬೇಕು, ಏಕೆಂದರೆ ಪ್ರಶ್ನೆಗಳು ಏಳುವುದು ರಾತ್ರಿ ಮನೆಯಲ್ಲಿ.

ಒಂದು ಕಥೆ ಕೇಳಿ ಒಂದೆರಡು ದಿನ ಮಗು ಅಮ್ಮನ ಸೆರಗು ಬಿಡದಿದ್ದರೆ ಚಿಂತೆ ಬೇಡ. ವಾರಗಟ್ಟಲೆ ನಿದ್ದೆ ಕೆಡುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಶಾಲೆಗೆ ಹೋಗಲು ಹೆದರುವುದು, ಆಟ ಊಟ ಬೇಡವಾಗುವುದು, ತಾನೂ ಸತ್ತವರ ಹತ್ತಿರ ಹೋಗಬೇಕೆನ್ನುವುದು ಕಂಡುಬಂದರೆ ಕಥೆಯಾಚೆ ಬೇರೆ ಭಾರವಿದೆ ಎಂದು ತಿಳಿದು ನೆರವು ಪಡೆಯಬೇಕು. ಕೊನೆಯ ಮಾತು ಕೇಳಿಬಂದರೆ ವಾರಗಟ್ಟಲೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಮಕ್ಕಳ ವೈದ್ಯರಿಂದ ಆರಂಭಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.